ಎರಡು ಕಾಯಿಲೆ, ಒಬ್ಬನೇ ರೋಗಿ
(ವಾರ್ಷಿಕ ಮಹಾಸಭೆಯಲ್ಲಿ ಟ್ರಸ್ಟಿನ ಆರೋಗ್ಯ ಸಮಿತಿಯ ಪರವಾಗಿ ಮಾಡಿದ ಭಾಷಣ)



ಮಾದಕ ವಸ್ತುಗಳ ವಿರುದ್ಧ ನಾವು ಬಹಿರಂಗವಾಗಿ ಮಾತಾಡುತ್ತೇವೆ. ಮನೋರೋಗದ ಬಗ್ಗೆ ಪಿಸುಗುಟ್ಟುತ್ತೇವೆ. ಎರಡೂ ಒಬ್ಬನೇ ಮಗನಿಗೆ ಬಂದರೆ ತಾಯಿ ಎಲ್ಲಿಗೆ ಹೋಗಬೇಕು? “ಮೊದಲು ಚಟ ಬಿಡಿಸಿ ಬನ್ನಿ” ಎಂದು ಒಂದು ಕಡೆ, “ಮೊದಲು ಮನಸ್ಸು ಸರಿಯಾಗಲಿ” ಎಂದು ಇನ್ನೊಂದು ಕಡೆ. ಹೀಗೆ ಅಲೆದು ಸೋತವರು ನಮ್ಮ ಕಚೇರಿಗೂ ಬಂದಿದ್ದಾರೆ.

ಸ್ಕಿಜೋಫ್ರೇನಿಯಾ ಇರುವವರಿಗೆ ಮೆತ್, ಕೊಕೇನ್‌ನಂಥ ಉತ್ತೇಜಕಗಳು ಉರಿಯುವ ಬೆಂಕಿಗೆ ತುಪ್ಪ. ಅವು ಮೆದುಳಿನಲ್ಲಿ ಡೋಪಮೈನ್ ಹೆಚ್ಚಿಸಿ ಸಂಶಯವನ್ನೂ, ಇಲ್ಲದ ದನಿಗಳನ್ನೂ ಕೆರಳಿಸುತ್ತವೆ. ಈ ಚಟ ಬಿಡಿಸಲೆಂದೇ ಮಾನ್ಯತೆ ಪಡೆದ ಮಾತ್ರೆ ಇಲ್ಲ. ಆದರೆ ದಾರಿಯಿದೆ. ಅಮೆರಿಕದ ಸಿಯಾಟಲ್‌ನಲ್ಲಿ ತೀವ್ರ ಮನೋರೋಗವೂ ಈ ಚಟವೂ ಇದ್ದ 176 ಮಂದಿಯ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಮೂತ್ರ ಪರೀಕ್ಷೆಯಲ್ಲಿ ಮಾದಕ ವಸ್ತು ಕಾಣದಿದ್ದಾಗ ಸಣ್ಣ ಬಹುಮಾನದ ಅವಕಾಶ ಪಡೆದವರು ಹೆಚ್ಚು ದಿನ ದೂರ ಉಳಿದರು. ಆಸ್ಪತ್ರೆ ಸೇರುವುದೂ ಕಡಿಮೆಯಾಯಿತು.

ತಪ್ಪು ಬಿಟ್ಟಿದ್ದಕ್ಕೆ ಬಹುಮಾನವೇ ಎನ್ನಬೇಡಿ. ಬಿಟ್ಟ ಒಂದೊಂದು ದಿನವೂ ಅವನ ದುಡಿಮೆ. ಚಟ ಮರುಕಳಿಸಿತೆಂದು ಮನೋರೋಗದ ಮದ್ದನ್ನು ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ದುಆ ಇರಲಿ, ಮದ್ದೂ ಇರಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎರಡಕ್ಕೂ ಚಿಕಿತ್ಸೆಯಿದೆ; ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು.

ನಮ್ಮ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಮಕ್ಕಳೇ, ಮನೋವೈದ್ಯಕೀಯ ನರ್ಸಿಂಗ್, ಮನಶ್ಶಾಸ್ತ್ರ, ಸಮಾಜಕಾರ್ಯವನ್ನೂ ಆರಿಸಿಕೊಳ್ಳಿ. ಈ ಮನೆಗಳಿಗೆ ನಿಮ್ಮ ಅಗತ್ಯವಿದೆ.