ಗ್ರಹಗರ್ಭದ ಪ್ರವಾಹಗಳು: ಪ್ರದರ್ಶನದ ಉದ್ಘಾಟನಾ ಭಾಷಣ



ಭೂಮಿಯ ಮೇಲ್ಮೈಯಿಂದ ಸುಮಾರು 2,900 ಕಿಲೋಮೀಟರ್ ಆಳದಲ್ಲಿ ಆರಂಭವಾಗುವ ಹೊರ ಕೇಂದ್ರಗೋಳವು ಬಹುಪಾಲು ದ್ರವರೂಪದ ಕಬ್ಬಿಣದಿಂದ ಕೂಡಿದ್ದು, ಅಲ್ಲಿ ಹಗುರವಾದ ದ್ರವ ಮೇಲೇರುವ, ಭಾರವಾದದ್ದು ಕೆಳಗಿಳಿಯುವ ಕ್ರಿಯೆ, ಅಂದರೆ ಸಂವಹನ, ನಿರಂತರವಾಗಿ ನಡೆಯುವುದರಿಂದಲೇ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಕಾಂತಕ್ಷೇತ್ರ ಉಳಿದುಕೊಂಡಿದೆ. ಯಾವ ಕೊಳವೆಯೂ ಮುಟ್ಟದ ಆ ಆಳವನ್ನು ಪ್ರಯೋಗಶಾಲೆಯಲ್ಲಿ ಅರಿಯಲು ನಡೆದ ಪ್ರಯತ್ನಗಳೇ ಇಂದು ತೆರೆದುಕೊಳ್ಳುತ್ತಿರುವ ಈ ಪ್ರದರ್ಶನದ ವಸ್ತು.

ಇಂಥ ಪ್ರಯೋಗಕ್ಕೆ ಮೊದಲ ಅಡ್ಡಿ ಗುರುತ್ವದ್ದೇ. ಗ್ರಹದೊಳಗೆ ಅದು ಎಲ್ಲ ಕಡೆಯಿಂದಲೂ ಕೇಂದ್ರದತ್ತ ಸೆಳೆಯುತ್ತದೆ. ಪ್ರಯೋಗಶಾಲೆಯ ಗೋಳದಲ್ಲಾದರೋ ನೆಲದ ಕಡೆಗೆ ಮಾತ್ರ ಎಳೆಯುತ್ತದೆ. 1970ರ ದಶಕದಲ್ಲಿ ವಿಜ್ಞಾನಿಗಳಾದ ಫ್ರೀಡ್ರಿಕ್ ಬುಸ್ಸೆ ಮತ್ತು ಚಾರ್ಲ್ಸ್ ಕ್ಯಾರಿಗನ್ ಒಂದರೊಳಗೊಂದಿರುವ ಎರಡು ಗೋಳಗಳ ನಡುವೆ ನೀರು ತುಂಬಿ, ಅವನ್ನು ವೇಗವಾಗಿ ತಿರುಗಿಸಿ, ದ್ರವವನ್ನು ಅಕ್ಷದಿಂದ ಹೊರಕ್ಕೆ ತಳ್ಳುವ ಕೇಂದ್ರಾಪಗಾಮಿ ಬಲವನ್ನೇ ಗುರುತ್ವದ ಸ್ಥಾನದಲ್ಲಿ ನಿಲ್ಲಿಸಿದರು. ಆ ಬಲದ ದಿಕ್ಕು ಹೊರಮುಖವಾದ್ದರಿಂದ ಒಳಗೋಳವನ್ನು ತಣಿಸಿ, ಹೊರಗೋಳವನ್ನು ಬಿಸಿಮಾಡಿ, ಉಷ್ಣದ ದಿಕ್ಕನ್ನೂ ತಿರುವಿದರು. ಎರಡು ವಿಪರ್ಯಯಗಳು ಸೇರಿ ಸಹಜ ಸ್ಥಿತಿಗೆ ಸಮನಾದವು. ಇದಕ್ಕಿಂತ ಸುಂದರವಾದ ಪ್ರಯೋಗಯುಕ್ತಿ ಈ ಕ್ಷೇತ್ರದಲ್ಲಿ ವಿರಳ. ಆಗ ಕಂಡದ್ದು ಅಕ್ಷಕ್ಕೆ ಸಮಾಂತರವಾಗಿ ಸಾಲುಗಟ್ಟಿ ಸುತ್ತುವ ದ್ರವಸ್ತಂಭಗಳು. ಬುಸ್ಸೆ ಅವನ್ನು 1970ರಲ್ಲೇ ಗಣಿತದಿಂದ ಊಹಿಸಿದ್ದರು.

ಆದರೆ ನೀರು ಲೋಹವಲ್ಲ. ಲೋಹದಲ್ಲಿ ಉಷ್ಣವು ಚಲನೆಗಿಂತ ಬಹುಬೇಗ ಹರಡಿಹೋಗುವುದರಿಂದ ಸಂವಹನದ ಸ್ವರೂಪವೇ ಬದಲಾಗುತ್ತದೆ. ತಿರುಗುವ ಲೋಹದ್ರವದಲ್ಲಿ ಸಂವಹನವು ಆಂದೋಲನವಾಗಿ ಮೊದಲಾಗಬಹುದೆಂಬುದನ್ನು ಖಭೌತವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ 1950ರ ದಶಕದಲ್ಲಿ ಲೆಕ್ಕದಿಂದ ತೋರಿಸಿದರು. ಷಿಕಾಗೋದಲ್ಲಿ ಸಂಶೋಧಕರಾದ ಫುಲ್ಟ್ಸ್ ಮತ್ತು ನಾಕಾಗಾವಾ ಪಾದರಸದ ಪದರವನ್ನು ತಿರುಗಿಸಿ ಅದನ್ನು ದೃಢಪಡಿಸಿದರು. ಇಂದು ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವ ಗ್ಯಾಲಿಯಂ ಲೋಹವೂ ಇಂಥ ಪ್ರಯೋಗಗಳಿಗೆ ಒದಗುತ್ತಿದೆ.

ಇನ್ನು ಕಾಂತಕ್ಷೇತ್ರದ ವಿಷಯಕ್ಕೆ ಬಂದರೆ, 1999ರಲ್ಲಿ ಲಾಟ್ವಿಯಾದ ರೀಗಾದಲ್ಲಿಯೂ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿಯೂ ದ್ರವ ಸೋಡಿಯಂನ ಪ್ರವಾಹವು ತಾನಾಗಿ ಕಾಂತಕ್ಷೇತ್ರವನ್ನು ಹುಟ್ಟಿಸಿತು. ಆ ಪ್ರವಾಹಗಳನ್ನು ನಡೆಸಿದ್ದು ಯಂತ್ರಗಳೇ ಹೊರತು ಉಷ್ಣವಲ್ಲ ಎಂಬುದನ್ನು ಮರೆಯಬಾರದು. ಕೇವಲ ಸಂವಹನದಿಂದ ಕಾಂತಕ್ಷೇತ್ರವನ್ನು ಪಡೆಯುವ ಕೆಲಸ ಇನ್ನೂ ಬಾಕಿಯಿದೆ.

ವಿದ್ಯಾರ್ಥಿಗಳು ಇಲ್ಲಿನ ತಿರುಗುಮೇಜಿನ ಮುಂದೆ ಸಾಕಷ್ಟು ಹೊತ್ತು ನಿಲ್ಲಬೇಕು. ಬಣ್ಣದ ನೀರು ಮೇಜು ನಿಂತಿರುವಾಗ ಹೇಗೆ ಹರಡುತ್ತದೆ, ತಿರುಗುವಾಗ ಹೇಗೆ ನೆಟ್ಟಗೆ ನಿಲ್ಲುತ್ತದೆ ಎಂಬುದನ್ನು ತಾವೇ ನೋಡಿ ಬರೆದುಕೊಳ್ಳಬೇಕೆಂದು ವಿನಂತಿ.