ಮದರಾಸಿನಲ್ಲಿ ಹುಟ್ಟಿದ ಹಿಮಯಾತ್ರಿಕ

ಹಿಮವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ವಿರಳ. ಅದರ ಮೇಲೆ ಜಾರುವುದನ್ನೇ ಶಾಸ್ತ್ರವಾಗಿಸಿದ ಆಂಗ್ಲ ಲೇಖಕ ಆರ್ನಾಲ್ಡ್ ಲನ್ ಹುಟ್ಟಿದ್ದಾದರೋ, ನೀವು ನಂಬಲಾರಿರಿ, ಬಿಸಿಲಿನ ಮದರಾಸಿನಲ್ಲಿ, 1888ರಲ್ಲಿ!

1909ರಲ್ಲಿ ಅವರು ವೇಲ್ಸ್ ಪ್ರಾಂತದ ಕೇಡರ್ ಇಡ್ರಿಸ್ ಬೆಟ್ಟದಿಂದ ಉರುಳಿಬಿದ್ದರು. ಮುರಿದ ಕಾಲು ಕೂಡಿತು. ಆದರೆ ಮತ್ತೊಂದಕ್ಕಿಂತ ಗಿಡ್ಡವಾಯಿತು. ಗಾಯವಂತೂ ವರ್ಷಗಟ್ಟಲೆ ಮಾಯಲಿಲ್ಲ. ಆಗ ಅವರಿಗೆ ಇಪ್ಪತ್ತೊಂದೇ ವಯಸ್ಸು. ಇಂಥವರು ಬೆಟ್ಟದ ಹಂಬಲವನ್ನು ಬಿಡುವುದು ಲೋಕರೂಢಿ. ಲನ್ ಬಿಡಲಿಲ್ಲ. 1917ರಲ್ಲಿ, ಸ್ಕೀ ಎಂಬ ನೀಳ ಹಲಗೆಗಳನ್ನು ಕಾಲಿಗೆ ಬಿಗಿದು, ಸ್ವಿಟ್ಜರ್ಲೆಂಡಿನ 4500 ಮೀಟರಿಗೂ ಮಿಕ್ಕ ಡೋಮ್ ಶಿಖರವನ್ನೇರಿದರು. ಸ್ಕೀ ಕಟ್ಟಿ ಅದನ್ನು ಏರಿದವರಲ್ಲಿ ಅವರೇ ಮೊದಲಿಗರು.

1922ರಲ್ಲಿ ಮ್ಯೂರೆನ್ ಎಂಬ ಹಳ್ಳಿಯಲ್ಲಿ, ಇಳಿಜಾರಿನಲ್ಲಿ ಬಾವುಟಗಳನ್ನು ನೆಟ್ಟು, ಅವುಗಳ ನಡುವೆ ಹಾವಿನಂತೆ ಹೊರಳಿ ಇಳಿಯುವ ಪಂದ್ಯವನ್ನು ಏರ್ಪಡಿಸಿದರು. ಮೊದಲು ತಿರುವಿನ ಅಂದಕ್ಕೆ ಅಂಕ ಸಲ್ಲುತ್ತಿತ್ತು. ಲನ್ ಎಣಿಸಿದ್ದು ಕಾಲವನ್ನು ಮಾತ್ರ. ತಿರುಗುವುದು ಮರಕ್ಕೆ ಡಿಕ್ಕಿ ಹೊಡೆಯದಿರಲಿ ಎಂದು, ಮೆರೆಯಲಿ ಎಂದಲ್ಲ ಎಂಬುದು ಅವರ ವಾದದ ಸಾರ. ಅಲಂಕಾರವನ್ನೇ ಕಾವ್ಯವೆಂದು ಬಗೆಯುವ ವಿದ್ಯಾರ್ಥಿಗಳಿಗೆ ನಾನು ಹೇಳುವುದೂ ಇದನ್ನೇ! ಆ ಸ್ಲಾಲಮ್ 1936ರಲ್ಲಿ ಒಲಿಂಪಿಕ್ ಕ್ರೀಡೆಗಳನ್ನು ಸೇರಿತು.

ಪರ್ವತ, ಸ್ಕೀ, ಮತಚರ್ಚೆ ಎಂದು ಅವರು ಬರೆದ ಪುಸ್ತಕಗಳು ಐವತ್ತಕ್ಕೂ ಹೆಚ್ಚು. 1974ರಲ್ಲಿ, ಎಂಬತ್ತಾರನೆಯ ವಯಸ್ಸಿನಲ್ಲಿ, ತೀರಿಕೊಂಡರು.