ರಸಭಂಗ

2004ರಲ್ಲಿ ಆರಂಭವಾದ ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಬಂದವರಿಗೆ ಪ್ರವೇಶವಿಲ್ಲ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿ, ಟಿಕೆಟ್ ಕೈಯಲ್ಲಿದ್ದೂ ಹೊರಗುಳಿದವರು ಸಿಡುಕುವುದು ಸಹಜವೇ. ಆದರೂ ನಿಯಮ ಸರಿ. ಕತ್ತಲಲ್ಲಿ ಒಬ್ಬರು ಸೀಟು ತಡಕಾಡಿದರೆ ಸಾಕು, ಕಾರ್ನಾಡರ ತುಘಲಕ್ ಬಣ್ಣ ಹಚ್ಚಿದ ಬರಿಯ ನಟನಾಗಿಬಿಡುತ್ತಾನೆ.

ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತ ರಸಾನುಭವಕ್ಕೆ ಅಡ್ಡಬರುವ ವಿಘ್ನಗಳು ಏಳೆಂದು ಎಣಿಸಿದ್ದ. ಪ್ರೇಕ್ಷಕ ತನ್ನದೇ ಸುಖದುಃಖದಲ್ಲಿ ಮುಳುಗಿರುವುದು ಅವುಗಳಲ್ಲೊಂದು. ಇಂದು ಆ ಸುಖದುಃಖವೆಲ್ಲ ಜೇಬಿನ ಮೊಬೈಲಿನಲ್ಲೇ ಗುಂಯ್‌ಗುಡುತ್ತದೆ!

ಅಂತರ್ಜಾಲದಲ್ಲಿ ಹಲವರು ಕೂಡಿ ಪಾತ್ರ ವಹಿಸಿ ಆಡುವ ಕಂಪ್ಯೂಟರ್ ಆಟಗಳ ಪಾಡೂ ಇದೇ. ಕತ್ತಿ ಹಿಡಿದ ಯೋಧ ಯುದ್ಧದ ನಡುವೆ ಕ್ರಿಕೆಟ್ ಸ್ಕೋರು ಕೇಳಿದನೋ, ಕೋಟೆ ಕರಗಿತು. ಅಲ್ಲಿ ಬಾಗಿಲು ಹಾಕುವವರೂ ಇಲ್ಲ, ಆಡುವವರೇ ನೋಡುವವರು.